ಫಕೀರಪ್ಪನ ಸೋರದ ಟ್ಯಾಂಕು

ಪುಣೆ ಕ್ಯಾಂಪಿನ ನೀರಿನ ಖಾತೆಯಲ್ಲಿ ಹನ್ನೊಂದು ವರ್ಷ ನಳ ಬಿಗಿದು, ಟಾಕಿ ತೊಳೆದು, ಸೋರುವುದನ್ನೆಲ್ಲ ಸೋರದಂತೆ ಮಾಡಿದ ಫಕೀರಪ್ಪ ಹಳ್ಯಾಳನಿಗೆ ಬಾಳಿನಲ್ಲಿ ಒಂದೇ ಕೊರತೆಯಿತ್ತು. ಹಲವು ಬಾಡಿಗೆ ಸಂಸಾರಗಳು ಒಂದೇ ಅಂಗಳ ಹಂಚಿಕೊಂಡಿದ್ದ ರಾಸ್ತಾ ಪೇಟೆಯ ವಾಡೆಯಲ್ಲಿ ಅವನನ್ನು ಎಲ್ಲರೂ ‘ನಳದ ಫಕೀರಪ್ಪ’ ಎಂದು ಕರೆಯುತ್ತಿದ್ದರು. ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆನಿಂತ ಮರ್ಯಾದಸ್ಥನೊಬ್ಬನಿಗೆ ಸಾಲುವ ಬಿರುದಲ್ಲ ಅದು. ಹಾಗಾಗಿ, ಹೆಂಡತಿ ಭೀಮವ್ವನ ತಮ್ಮನ ಮದುವೆಗೆ ನವಲಗುಂದಕ್ಕೆ ಹೋದಾಗ, ಬೀಗರು ಉದ್ಯೋಗವೇನೆಂದು ಕೇಳಿದ್ದಕ್ಕೆ ಅವನು ತಾನು ‘ಟ್ಯಾಂಕ್ ಎಕ್ಸ್‌ಪರ್ಟ್’ ಎಂದುಬಿಟ್ಟ. ನೀರಿನ ಟಾಕಿಗೆ ಸಾಹೇಬರು ಟ್ಯಾಂಕ್ ಎನ್ನುತ್ತಾರೆ. ಅದರ ಕೆಲಸ ಬಲ್ಲವನು ಎಕ್ಸ್‌ಪರ್ಟ್. ಇದರಲ್ಲಿ ಸುಳ್ಳು ಸಾಸಿವೆಯಷ್ಟೂ ಇರಲಿಲ್ಲ. ಬೀಗರು ಎದ್ದು ನಿಂತು ಇನ್ನೊಂದು ಹೋಳಿಗೆ ಬಡಿಸಿದರು. ಎದ್ದು ನಿಂತದ್ದು ಯಾಕೆಂದು ಫಕೀರಪ್ಪ ಯೋಚಿಸಲಿಲ್ಲ. ಅದು ೧೯೪೩ನೇ ಇಸವಿ. ಜಗತ್ತೆಲ್ಲ ಯುದ್ಧಕ್ಕಿಳಿದು ಆ ಶಬ್ದದ ಅರ್ಥವನ್ನೇ ಬದಲಾಯಿಸಿಬಿಟ್ಟಿತ್ತು. ಫಕೀರಪ್ಪನಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಪತ್ರಿಕೆ ಓದುವ ಚಟ ಅವನಿಗೆ ಇರಲಿಲ್ಲ.

ಮದುವೆಯಿಂದ ಬಂದ ಮೇಲೆ ಅವನು ಆ ಬಿರುದನ್ನು ಕಚೇರಿಯ ಕಾಗದಗಳಲ್ಲೂ ಬರೆಯತೊಡಗಿದ. ಮಳೆಗಾಲ ಮುಗಿದ ಮೇಲೆ, ವಾನವಡಿಯ ಆಚೆ ಹೊಸದಾಗಿ ತೆರೆದಿದ್ದ ಒಂದು ಸೈನಿಕ ತರಬೇತಿ ಶಾಲೆಯಿಂದ ಎಲ್ಲ ಖಾತೆಗಳಿಗೂ ಪತ್ರ ಬಂತು. ಟ್ಯಾಂಕಿನ ಅನುಭವವಿದ್ದು ಕೈಕೆಲಸವನ್ನೂ ಬಲ್ಲ ಮನುಷ್ಯ ಬೇಕಾಗಿತ್ತು. ಫಕೀರಪ್ಪ ಅರ್ಜಿ ಹಾಕಿದ. ಶಾಲೆಯ ಹೆಡ್ ಕ್ಲಾರ್ಕ್ ಬಿಂದುಮಾಧವರಾಯರೂ ಧಾರವಾಡದವರೇ. ಅರ್ಜಿಯಲ್ಲಿದ್ದ ಹನ್ನೊಂದು ವರ್ಷದ ಅನುಭವ ನೋಡಿ ಅವರು ದಂಗಾಗಿದ್ದರು. ಅವನನ್ನು ಎದುರಿಗೆ ಕೂರಿಸಿಕೊಂಡು, ದನಿ ತಗ್ಗಿಸಿ ಕೇಳಿದರು.

“ಟ್ಯಾಂಕಿನ ಒಳಗ ಇಳದೀರಿ?”

“ವಾರಕ್ಕೊಮ್ಮೆ ಇಳೀತೀನ್ರಿ.”

“ಒಳಗ ಉಸಿರು ಕಟ್ಟೂದಿಲ್ಲ?”

“ಮ್ಯಾಲಿನ ಮುಚ್ಚಳ ತಗದಿಟ್ಟಿದ್ರ ಏನೂ ಆಗೂದಿಲ್ರಿ. ಮುಚ್ಚಳ ಬಿತ್ತಂದ್ರ ಕಷ್ಟ. ನಮ್ಮ ಕೂಡ ಇದ್ದಾಂವ ಒಬ್ಬ ಹಂಗ ಹ್ವಾದ. ಒಳಗಿಂದ ಬಡದಾನ, ಹೊರಗ ಯಾರಿಗೂ ಕೇಳಿಸಿಲ್ಲ.”

ರಾಯರು ಅರ್ಜಿಯನ್ನು ಎಳೆದುಕೊಂಡರು. ಅಲ್ಲೇ ಸಹಿ ಹಾಕಿದರು.

ಕೆಲಸ ಇಷ್ಟೇ. ನಿಜವಾದ ಟ್ಯಾಂಕುಗಳೆಲ್ಲ ಗಡಿಗೆ ಹೋಗಿದ್ದವು. ಸೈನ್ಯಕ್ಕೆ ಹೊಸದಾಗಿ ಸೇರಿದ ರಂಗರೂಟರಿಗೆ ಕಲಿಸಲು ನಾಲ್ಕರಲ್ಲೊಂದು ಪಾಲಿನ ಅಳತೆಯ ಮಾದರಿಯೊಂದು ಬೇಕಿತ್ತು. ತಗಡಿನ ಒಡಲನ್ನು ಶಾಲೆಯ ಕಾರ್ಖಾನೆಯವರು ಮಾಡಿಕೊಡುವರು. ಅದರ ಮೇಲಿನ ಸಣ್ಣ ಭಾಗಗಳನ್ನೆಲ್ಲ, ಅಂದರೆ ಮುಚ್ಚಳ, ಚಿಲಕ, ಕೊಂಡಿ, ದೀಪ, ಗಾಲಿಯ ಪಟ್ಟಿ, ಏಳುನೂರು ಬೋಲ್ಟಿನ ತಲೆ, ಇವನ್ನು ಫಕೀರಪ್ಪ ಮಾಡಬೇಕು. ಕಾರ್ಖಾನೆಯಲ್ಲಿ ಕಾಲಿಡಲು ಜಾಗವಿಲ್ಲದ್ದರಿಂದ ಮನೆಯಲ್ಲೇ ಮಾಡಬೇಕು. ನೋಡಿಕೊಳ್ಳಲು ರಾಯರು ಐದು ಫೋಟೋ ಕೊಟ್ಟರು. ಫಕೀರಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿದ. ಕಬ್ಬಿಣದ ಪೆಟ್ಟಿಗೆ, ಮೇಲೆ ಮುಚ್ಚಳ, ಕೆಳಗೆ ಗಾಲಿ, ಮುಂದಕ್ಕೆ ಚಾಚಿದ ಒಂದು ಪೈಪು. ಸಿಪಾಯಿಗಳಿಗೆ ನೀರು ಒಯ್ಯುವ ಗಾಡಿ ಇದು ಎಂದು ಅವನಿಗೆ ಸ್ಪಷ್ಟವಾಯಿತು. ಸರಕಾರದ ಬುದ್ಧಿವಂತಿಕೆಗೆ ತಲೆದೂಗುತ್ತ ಮನೆಗೆ ಬಂದ.

ಜನವರಿಯಲ್ಲಿ ಎತ್ತಿನ ಗಾಡಿಯ ಮೇಲೆ ಒಡಲು ಬಂತು. ನಾಲ್ಕೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಆರು ಜನ ಹೊತ್ತು ಅಂಗಳದ ನಳದ ಪಕ್ಕ ಇಳಿಸಿದರು. ವಾಡೆಯ ಒಡೆಯ ಮೋಹನದಾಸ್ ಶೇಠ್ ಮೇಲಂತಸ್ತಿನ ಬಾಲ್ಕನಿಯಿಂದ ಬಗ್ಗಿ ನೋಡಿ, ಇದು ಯಾರ ಹೆಣದ ಪೆಟ್ಟಿಗೆ ಎಂದು ಮರಾಠಿಯಲ್ಲಿ ಕೇಳಿದರು. ಸರಕಾರಿ ಕೆಲಸ ಎಂದು ಫಕೀರಪ್ಪ ಗಂಭೀರವಾಗಿ ಹೇಳಿದ. ಶೇಠರು ಒಳಗೆ ಹೋದರು.

ಅಂದಿನಿಂದ ವಾಡೆಯ ಗುಬ್ಬಿಗಳು ನಳದ ಬಳಿ ಬರುವುದನ್ನು ಬಿಟ್ಟವು. ಬಿಸಿಲು ಏರಿದಂತೆ ತಗಡು ಕಾದು ‘ಟಕ್, ಟಕ್’ ಎನ್ನುತ್ತಿತ್ತು. ತಗಡು ಕಾದರೆ ಸದ್ದು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮಧ್ಯಾಹ್ನ ನೀರು ತುಂಬಲು ಬಂದ ಹೆಂಗಸರು ಅರ್ಧ ಕೊಡಕ್ಕೇ ತೃಪ್ತರಾಗಿ ಹೋಗತೊಡಗಿದರು.

ಅದು ನೀರಿನ ಗಾಡಿಯಲ್ಲ ಎಂದು ತಿಳಿಸಿದವಳು ರುದ್ರವ್ವ. ಅಂಗಳದ ಆಚೆ ಬದಿಯ ಒಂಟಿ ಕೋಣೆಯಲ್ಲಿ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದ ವಿಧವೆ ಆಕೆ. ಒಬ್ಬನೇ ಮಗ ಸಿದ್ರಾಮಪ್ಪ ಫಿಟ್ಟರ್ ಕೆಲಸ ಕಲಿತು ಸೈನ್ಯ ಸೇರಿ, ಕೆಟ್ಟು ನಿಂತ ಟ್ಯಾಂಕುಗಳನ್ನು ರಿಪೇರಿ ಮಾಡುವ ಪಡೆಯಲ್ಲಿ ಬರ್ಮಾ ಗಡಿಗೆ ಹೋಗಿದ್ದ. ದೀಪಾವಳಿಯಿಂದ ಅವನ ಕಾಗದ ಬಂದಿರಲಿಲ್ಲ. ಫಕೀರಪ್ಪ ಮುಂದಿನ ಪೈಪಿನ ತುದಿಗೆ ನಳ ಕೂರಿಸಲೆಂದು ತಿರುಪಿನ ಮರೆ ಕೊರೆಯುತ್ತಿದ್ದಾಗ ಆಕೆ ಬಂದು ಬಹಳ ಹೊತ್ತು ನೋಡುತ್ತ ನಿಂತಳು.

“ತೋಪಿನ ಬಾಯಿಗೆ ನಳ ಯಾಕೋ ತಮ್ಮಾ?”

ಫಕೀರಪ್ಪನ ಕೈ ನಿಂತಿತು. ಆಕೆ ಮಗನ ಹಳೆಯ ಕಾಗದದಲ್ಲಿದ್ದುದನ್ನೆಲ್ಲ ಹೇಳಿದಳು. ಇದು ಗುಂಡು ಹಾರಿಸುವ ಗಾಡಿ, ಒಳಗೆ ಐದು ಜನ ಕೂರುತ್ತಾರೆ, ಬೆಂಕಿ ಹತ್ತಿದರೆ ಆ ಮುಚ್ಚಳವೊಂದೇ ಗತಿ. ಫಕೀರಪ್ಪ ಎಲ್ಲವನ್ನೂ ಕೇಳಿಕೊಂಡು, ತನಗೆ ಇದೆಲ್ಲ ಮೊದಲೇ ಗೊತ್ತೆಂದೂ, ಮರೆ ಕೊರೆಯುತ್ತಿರುವುದು ಇಲಾಖೆಯ ಒಂದು ಗುಟ್ಟೆಂದೂ ಹೇಳಿದ. ಆಕೆ ಹೋದ ಮೇಲೆ ಅವನು ಮರೆಯನ್ನು ಅರದಿಂದ ತಿಕ್ಕಿ ಅಳಿಸಿದ. ಆ ಸಂಜೆ ಹೆಂಡತಿಯ ಮುಂದೆ ಉಣ್ಣದೆ ಕೂತ. ರಾಜೀನಾಮೆ ಕೊಟ್ಟರೆ ನವಲಗುಂದದವರೆಗೆ ಸುದ್ದಿಯಾಗುತ್ತದೆ, ಕೊಡದಿದ್ದರೆ ಸರಕಾರಕ್ಕೆ ಮೋಸವಾಗುತ್ತದೆ. ಭೀಮವ್ವ ಅವನಿಗೆ ಹೇಳಿದ್ದು ಒಂದೇ ಮಾತು. ಕೈ ಕೆಲಸ ಮಾಡುತ್ತದೆ, ಬಾಯಿಯೇನೂ ಮಾಡುವುದಿಲ್ಲ. ಕೈಗೆ ಬಂದರೆ ಸಾಕಲ್ಲ.

ಕೈಗೆ ಬಂತು. ಅದೇ ಸೋಜಿಗ. ಅಂಥ ಸಣ್ಣ ಕೆಲಸಕ್ಕೆ ಪೇಟೆಯಲ್ಲಿ ಹತ್ಯಾರ ಸಿಗುವುದಿಲ್ಲ, ಆದ್ದರಿಂದ ಅವನು ಹತ್ಯಾರಗಳನ್ನೇ ಮೊದಲು ಮಾಡಿದ. ಮುರಿದ ಕೊಡೆಯ ಕಡ್ಡಿಯನ್ನು ಚೂಪು ಮಾಡಿ, ಕಾಯಿಸಿ ಎಣ್ಣೆಗೆ ಅದ್ದಿ ತೂತು ಕೊರೆಯುವ ಸೂಜಿ ಮಾಡಿದ. ಭೀಮವ್ವ ಅಡಿಕೆ ಕತ್ತರಿಸುವ ಅಡಕೊತ್ತಿನ ಬಾಯಿಗೆ ಒಂದು ಕಚ್ಚು ಅರೆದು, ಹಿತ್ತಾಳೆಯ ತಂತಿ ಒಂದೇ ಅಳತೆಗೆ ತುಂಡಾಗುವಂತೆ ಮಾಡಿದ. ಏಳುನೂರು ಬೋಲ್ಟಿನ ತಲೆ ಅದರಿಂದಲೇ ಬಂದವು. ಕರ್ಚಿಕಾಯಿ ಕತ್ತರಿಸುವ ಹಲ್ಲಿನ ಗಾಲಿ ತಗಡಿನ ಪಟ್ಟಿಗೆ ಗೆರೆ ಒತ್ತಲು ಹೋಯಿತು. ಅಡಿಗೆಮನೆಯಿಂದ ದಿನಕ್ಕೊಂದು ಸಾಮಾನು ಸೈನ್ಯಕ್ಕೆ ಸೇರುವುದನ್ನು ನೋಡಿ ಭೀಮವ್ವ ಲಟ್ಟಣಿಗೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳತೊಡಗಿದಳು. ಸೈಕಲ್ಲಿನ ಕಡ್ಡಿ ಬಗ್ಗಿಸಿ ಅವನು ಒಂದು ಉದ್ದನೆಯ ಕೊಕ್ಕೆಯನ್ನೂ ಮಾಡಿದ. ಆ ಕೊಕ್ಕೆ ಯಾಕೆ ಬೇಕಾಯಿತೆಂಬುದನ್ನು ಹೇಳಬೇಕು.

ಮೇಲಿನ ಮುಚ್ಚಳಕ್ಕೆ ಫೋಟೋದಲ್ಲಿದ್ದಂತೆ ಒಳಗಡೆಯಿಂದ ಹಾಕುವ ಚಿಲಕ ಮಾಡಿದ್ದ. ಹೆಬ್ಬೆರಳಿನ ಉಗುರಿನಷ್ಟು ಚಿಲಕ. ಒಂದು ಮಧ್ಯಾಹ್ನ ಉಂಡು ಬಂದು ನೋಡಿದರೆ ಮುಚ್ಚಳ ಬಿಗಿದಿತ್ತು. ಎಳೆದ, ಬರಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು. ಫಕೀರಪ್ಪ ಸುತ್ತ ನೋಡಿದ. ಅಂಗಳದಲ್ಲಿ ಯಾರೂ ಇರಲಿಲ್ಲ. ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಎರಡು ಬೆರಳಿನಿಂದ ಮುಚ್ಚಳ ತಟ್ಟಿ, “ಯಾರದೀರಿ ಒಳಗ?” ಎಂದು ಮರ್ಯಾದೆಯಿಂದ ಕೇಳಿದ. ಉತ್ತರ ಬರಲಿಲ್ಲ. ಬಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಫಕೀರಪ್ಪನೂ ಮುಗಿಯುತ್ತಿದ್ದ. ಚಿಲಕ ಸಡಿಲವಾಗಿ ತಾನೇ ಬಿದ್ದಿರಬೇಕೆಂದು ಸಮಾಧಾನ ಹೇಳಿಕೊಂಡು, ಕೊಕ್ಕೆ ಮಾಡಿ ಸಂದಿಯಲ್ಲಿ ತೂರಿಸಿ ತೆಗೆದ. ಚಿಲಕವನ್ನು ಬಿಗಿ ಮಾಡಿದ. ಮರುದಿನ ಮತ್ತೆ ಬಿದ್ದಿತ್ತು. ಇನ್ನೂ ಬಿಗಿ ಮಾಡಿದ, ಎಷ್ಟೆಂದರೆ ಬೆರಳಿನಿಂದ ಒತ್ತಿದರೂ ಅಲುಗದಷ್ಟು. ಮೂರನೆಯ ದಿನವೂ ಬಿದ್ದಿತ್ತು. ಆಮೇಲೆ ಅವನು ಬಿಗಿ ಮಾಡುವುದನ್ನು ಬಿಟ್ಟು ಕೊಕ್ಕೆಯನ್ನು ಜೇಬಿನಲ್ಲೇ ಇಟ್ಟುಕೊಂಡ.

ಐದು ಫೋಟೋಗಳಲ್ಲಿ ಒಂದು ಬಹಳ ಕಪ್ಪಾಗಿತ್ತು. ಅದರಲ್ಲಿ ಟ್ಯಾಂಕಿನ ಹಿಂಬದಿ, ಕೆಳಗೆ, ದುಂಡನೆಯ ಒಂದು ಕರಿ ಮಚ್ಚೆ ಕಾಣುತ್ತಿತ್ತು. ಅದೊಂದು ತೂತು. ತೋಪಿರಲಿ ಬಿಡಲಿ, ತಗಡಿನ ಪೆಟ್ಟಿಗೆಗೆ ತಳದಲ್ಲಿ ತೂತಿರುವುದು ಹೊಲಸು ನೀರು ಹೊರಗೆ ಹೋಗುವುದಕ್ಕೆ ಎಂಬುದರಲ್ಲಿ ಫಕೀರಪ್ಪನಿಗೆ ಸಂಶಯವಿರಲಿಲ್ಲ. ಇಡೀ ಟ್ಯಾಂಕಿನಲ್ಲಿ ಅವನು ನಿಜವಾಗಿ ಬಲ್ಲ ವಿಷಯ ಅದೊಂದೇ ಆದ್ದರಿಂದ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಿದ. ಹಿತ್ತಾಳೆಯ ಅಂಚು ಕಟ್ಟಿ, ಕನ್ನಡಿಯಂತೆ ತಿಕ್ಕಿದ.

ಮಾರ್ಚ್ ತಿಂಗಳಲ್ಲಿ ಸಂಜೆ ಮುಂದಿನ ಗಾಳಿ ಶುರುವಾಯಿತು. ಮೂರು ಗಂಟೆಗೆ ಓಣಿಯ ಬಾಗಿಲಿನಿಂದ ನುಗ್ಗಿದ ಗಾಳಿ ಆ ತೂತನ್ನು ಹೊಕ್ಕಿತು. ಟ್ಯಾಂಕು ಗುನುಗಿತು. ಬಾಯಿ ಮುಚ್ಚಿಕೊಂಡು, ಕೆಲಸದಲ್ಲಿ ಮೈಮರೆತ ಗಂಡಸು ಗುನುಗುವ ಹಾಗೆ, ಸಣ್ಣಗೆ, ಎಡೆಬಿಡದೆ. ನಳದ ಬಳಿ ನಿಂತಿದ್ದ ಪಕ್ಕದ ಕೋಣೆಯ ಇಂದೂಬಾಯಿಯ ಕೊಡ ತುಂಬಿ ಹರಿಯಿತು. ಆಕೆ ನಳ ನಿಲ್ಲಿಸದೆ ಒಳಗೆ ಓಡಿದಳು. ರುದ್ರವ್ವ ಮಾತ್ರ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಟ್ಯಾಂಕಿನ ಪಕ್ಕ ನೆಲದ ಮೇಲೆ ಕೂತಳು.

“ಅರಾ ಹಾಕೋ ಮುಂದ ನನ್ನ ಮಗ ಹಿಂಗ ಗುನಗ್ತಾನ,” ಎಂದಳು.

ಫಕೀರಪ್ಪ ತಿಳಿಹೇಳಿದ. ಇದು ಗಾಳಿ. ನೋಡು ಎಂದು ತೂತಿಗೆ ಹೆಬ್ಬೆರಳು ಒತ್ತಿದ, ಸದ್ದು ನಿಂತಿತು. ತೆಗೆದ, ಮತ್ತೆ ಶುರುವಾಯಿತು. ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ ಎಂದುಕೊಂಡ. ಆದರೆ ಬಾಗಿಲ ಸಂದಿಗಳಿಂದ ನೋಡುತ್ತಿದ್ದ ವಾಡೆಯವರಿಗೆ ಕಂಡದ್ದೇ ಬೇರೆ. ಒಳಗಿದ್ದವನ ಬಾಯನ್ನು ಫಕೀರಪ್ಪ ಹೆಬ್ಬೆರಳಿನಿಂದ ಮುಚ್ಚಿದ, ಅವನು ಸುಮ್ಮನಾದ. ಸಂಜೆಯೊಳಗೆ ಈ ಮಾತು ಮೂರು ಓಣಿ ದಾಟಿತು.

ಮರುದಿನ ಮೂರು ಗಂಟೆಗೆ ಅಂಗಳ ತುಂಬಿತ್ತು. ಇಂದೂಬಾಯಿ ಧೈರ್ಯ ಮಾಡಿ, ತನ್ನ ಗಂಡನಿಗೆ ಸೋಲಾಪುರಕ್ಕೆ ವರ್ಗವಾಗುತ್ತದೆಯೇ ಎಂದು ಟ್ಯಾಂಕನ್ನು ಕೇಳಿದಳು. ಟ್ಯಾಂಕು ಗುನುಗಿತು. ನಾಲ್ಕು ದಿನದಲ್ಲಿ ವರ್ಗದ ಹುಕುಂ ಬಂತು. ಅಲ್ಲಿಂದ ಮುಂದೆ ಜನ ಕಾಯಿ, ಊದಿನಕಡ್ಡಿ ತರತೊಡಗಿದರು. ಕಳೆದುಹೋದ ಎಮ್ಮೆ, ಬಾರದ ಮಳೆ, ಮದುವೆಯಾಗದ ಮಗಳು ಎಲ್ಲವೂ ಟ್ಯಾಂಕಿನ ಮುಂದೆ ಬಂದವು. ಪಿಶಾಚಿಯನ್ನು ಕೂಡಲೇ ಹೊರಗೆ ಹಾಕೆಂದು ಮೊದಲು ಕೂಗಾಡಿದ ಮೋಹನದಾಸ್ ಶೇಠ್, ಒಂದು ವಾರ ಕಳೆದ ಮೇಲೆ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದು, ಅಣ್ಣನ ಮೇಲಿನ ದಾವೆಯ ಬಗ್ಗೆ ಕಿವಿಯಲ್ಲಿ ಹೇಳುವ ಹಾಗೆ ಆ ತೂತಿಗೆ ಏನೋ ಹೇಳಿ ಹೋದರು. ಫಕೀರಪ್ಪ ಎಲ್ಲರಿಗೂ ಗಾಳಿ, ಗಾಳಿ ಎಂದು ಹೇಳುತ್ತಲೇ ಇದ್ದ. ಹೌದು, ಗಾಳಿಯೇ ಎಂದು ಅವರೂ ಕೈಮುಗಿಯುತ್ತಿದ್ದರು. ಆ ಕಡೆ ಭೂತಪ್ರೇತಕ್ಕೂ ಗಾಳಿಯೆಂದೇ ಹೆಸರು.

ರುದ್ರವ್ವ ಏನನ್ನೂ ಕೇಳುತ್ತಿರಲಿಲ್ಲ. ಗಾಳಿ ಬೀಸುವಷ್ಟು ಹೊತ್ತು ಪಕ್ಕದಲ್ಲಿ ಕೂತು ಎದ್ದು ಹೋಗುತ್ತಿದ್ದಳು. ಆಕೆ ತೆಳ್ಳಗಾಗುತ್ತಿದ್ದುದನ್ನು ಭೀಮವ್ವ ಗಂಡನಿಗೆ ತೋರಿಸಿದಳು.

ಏಪ್ರಿಲ್ ಮೊದಲ ವಾರ ಶಾಲೆಯ ಕ್ಯಾಪ್ಟನ್ ಸಾಹೇಬ ತಪಾಸಣೆಗೆ ಬಂದ. ಜೊತೆಗೆ ಬಿಂದುಮಾಧವರಾಯರು. ಸಾಹೇಬ ಮಂಡಿಯೂರಿ ಕೂತು ಒಂದೊಂದೇ ಭಾಗ ನೋಡಿದ. ಕೊಂಡಿ ಎತ್ತಿ ಇಳಿಸಿದ, ಗಾಲಿಯ ಪಟ್ಟಿ ತಿರುಗಿಸಿದ, ಬೋಲ್ಟುಗಳ ಮೇಲೆ ಬೆರಳಾಡಿಸಿದ. ಇಷ್ಟು ಒಳ್ಳೆಯ ಕೆಲಸ ತಾನು ಇಂಗ್ಲೆಂಡಿನಲ್ಲೂ ನೋಡಿಲ್ಲ ಎಂದನಂತೆ. ಫಕೀರಪ್ಪ ನವಲಗುಂದದ ದಿಕ್ಕಿಗೆ ತಿರುಗಿ ನಿಂತ. ಅಷ್ಟರಲ್ಲಿ ಸಾಹೇಬ ಹಿಂಬದಿಗೆ ಬಂದು ಹಿತ್ತಾಳೆಯ ಅಂಚು ನೋಡಿದ. ಆ ಕಪ್ಪು ಫೋಟೋ ಕೇಳಿ ತೆಗೆದುಕೊಂಡು ಬಿಸಿಲಿಗೆ ಹಿಡಿದ. ಅವನ ಮುಖ ಇಳಿಯಿತು. ರಾಯರಿಗೆ ಮೆಲ್ಲಗೆ ಏನೋ ಹೇಳಿದ.

“ಈ ತೂತು ಯಾಕ ಮಾಡೀರಿ ಅಂತ ಸಾಹೇಬ್ರು ಕೇಳ್ತಾರ,” ಎಂದರು ರಾಯರು.

“ಫೋಟೋದಾಗ ಅದ ಅಲ್ರಿ. ನೀರು ಹೊರಗ ಹೋಗೂ ಬಾಯಿ.”

“ಫಕೀರಪ್ಪನವರ, ಅದು ಟ್ಯಾಂಕಿನ ತೂತಲ್ಲ. ಗುಂಡು ಒಳಗ ಹೋದ ಜಾಗಾ. ಒಳಗಿದ್ದ ಐದು ಮಂದೀನೂ ಹೊರಗ ಬರಲಿಲ್ಲಂತ. ಮುಚ್ಚಳದ ಚಿಲಕ ಬಿಚ್ಚಲಿಕ್ಕೆ ಆಗಲಿಲ್ಲಂತ.”

ರುದ್ರವ್ವ ಅಲ್ಲೇ ನಿಂತಿದ್ದಳು. ಮೂರು ಗಂಟೆಯಾಗಿತ್ತು. ಗಾಳಿ ಬಂತು, ಟ್ಯಾಂಕು ಗುನುಗಿತು. ಸಾಹೇಬ ಟೋಪಿ ತೆಗೆದ. ಸದ್ದು ನಿಲ್ಲುವವರೆಗೂ ಹಾಗೇ ನಿಂತಿದ್ದು, ಆಮೇಲೆ ಆ ತೂತನ್ನು ಮುಚ್ಚಿಸಿರೆಂದು ಹೇಳಿ, ಹತ್ತು ದಿನಕ್ಕೆ ಗಾಡಿ ಕಳಿಸುವೆನೆಂದು ಹೊರಟುಹೋದ. ಅವನ ಜೀಪು ಓಣಿ ದಾಟುವವರೆಗೂ ಫಕೀರಪ್ಪ ತಲೆ ಎತ್ತಲಿಲ್ಲ. ಐದು ಜನ ಸತ್ತ ಬಾಯಿಗೆ ತಾನು ಅಂಚು ಕಟ್ಟಿ ಕನ್ನಡಿಯಂತೆ ತಿಕ್ಕಿದ್ದ.

ಮರುದಿನ ಬೆಳಿಗ್ಗೆ ಅಂಚು ಕಿತ್ತು, ತಗಡಿನ ಬಿಲ್ಲೆ ಇಟ್ಟು ಬೆಸೆದ. ಮಧ್ಯಾಹ್ನ ಗಾಳಿ ಬಂದು ಸುತ್ತಿ ಹೋಯಿತು, ಟ್ಯಾಂಕು ಸುಮ್ಮನಿತ್ತು. ರುದ್ರವ್ವ ಬಂದು ಕೂತು, ಕಾದು, ಎದ್ದು ಹೋದಳು. ಅವನ ಕಡೆ ನೋಡಲಿಲ್ಲ. ವಾಡೆಯ ಉಳಿದವರೂ ಅವನೊಡನೆ ಮಾತು ಬಿಟ್ಟರು. ಮೋಹನದಾಸ್ ಶೇಠರ ದಾವೆಗೆ ಇನ್ನೂ ಉತ್ತರ ಬಂದಿರಲಿಲ್ಲ.

ಬೆಸುಗೆ ಹಾಕಿದ್ದನ್ನು ನೀರು ತುಂಬಿ ನೋಡದೆ ಬಿಡುವುದು ನೀರಿನ ಖಾತೆಯಲ್ಲಿ ಪಾಪಕ್ಕೆ ಸಮ. ತೋಪಿನ ಗಾಡಿಗೆ ಈ ಪರೀಕ್ಷೆ ಬೇಕಿಲ್ಲ ಎಂಬುದು ಫಕೀರಪ್ಪನಿಗೆ ಹೊಳೆಯಲಿಲ್ಲ. ಸಂದುಗಳನ್ನೆಲ್ಲ ಅಭ್ಯಾಸಬಲದಿಂದ ಮೊದಲೇ ಬೆಸೆದಿದ್ದ. ಈಗ ಮುಚ್ಚಳ ತೆಗೆದು ಬಕೆಟ್ಟಿನಿಂದ ಸುರಿಯತೊಡಗಿದ. ಹದಿನೆಂಟು ಬಕೆಟ್ ಹಿಡಿಯಿತು. ಬಾಯಿಮಟ್ಟ ತುಂಬಿಸಿ, ಒಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಮುಚ್ಚಳ ಹಾಕಿ, ಸುತ್ತ ನೆಲಕ್ಕೆ ಒಲೆಯ ಬೂದಿ ಹರಡಿದ. ಒಂದು ಹನಿ ಬಿದ್ದರೂ ಬೂದಿ ಹೇಳುತ್ತದೆ.

ಮರುದಿನ ಮಧ್ಯಾಹ್ನ ಬೂದಿ ಒಣಗಿಯೇ ಇತ್ತು. ನೀರು ಗೆರೆಯಿಂದ ಎರಡು ಬೆರಳು ಕೆಳಗಿತ್ತು.

ಬಿಸಿಲಿಗೆ ಆರಿರಬೇಕೆಂದು ಅವನು ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಎಳೆದ. ಎರಡನೆಯ ದಿನ ಬಕೆಟ್ಟಿನ ನೀರು ಕೂದಲೆಳೆಯಷ್ಟು ಇಳಿದಿತ್ತು. ಟ್ಯಾಂಕಿನ ನೀರು ಮತ್ತೆರಡು ಬೆರಳು. ಫಕೀರಪ್ಪ ಕೆಳಗೆ ಮಲಗಿ ಪ್ರತಿ ಸಂದನ್ನೂ ಬೆರಳಿನಿಂದ ಸವರಿದ. ಎಲ್ಲವೂ ಒಣಗಿಯೇ ಇದ್ದವು. ಒಳಗೆ ಕೈ ಬಿಟ್ಟು ತಳ ತಡವಿದ. ನೀರು ಆ ಉರಿಬಿಸಿಲಿನಲ್ಲೂ ಮಣ್ಣಿನ ಗಡಿಗೆಯ ನೀರಿನಂತೆ ತಣ್ಣಗಿತ್ತು. ಕೈಯನ್ನು ತಟ್ಟನೆ ಹೊರಗೆ ತೆಗೆದ. ಹನ್ನೊಂದು ವರ್ಷದಲ್ಲಿ ಅವನು ಸೋರಿಕೆಯನ್ನು ಹುಡುಕಿ ಸಿಗದೆ ಎದ್ದದ್ದು ಅದೇ ಮೊದಲು.

ಮೂರನೆಯ ದಿನ ಮುಚ್ಚಳ ಒಳಗಿನಿಂದ ಚಿಲಕ ಹಾಕಿಕೊಂಡಿತ್ತು. ಅವನು ಕೊಕ್ಕೆ ತೂರಿಸಿದ. ತೆರೆದರೆ ನೀರು ಇನ್ನೂ ಕೆಳಗೆ ಹೋಗಿತ್ತು. ಹಿಂದೆ ಹೆಜ್ಜೆ ಸದ್ದಾಯಿತು. ರುದ್ರವ್ವ ತುಂಬಿದ ತಂಬಿಗೆ ಹಿಡಿದು ಬಂದಿದ್ದಳು. ಆಕೆ ಎರಡು ದಿನದಿಂದ ದೂರದಲ್ಲಿ ನಿಂತು ನೋಡುತ್ತಿದ್ದಳೆಂದು ಆಗ ಅವನಿಗೆ ತಿಳಿಯಿತು.

“ಎಲ್ಲೂ ಸೋರವಲ್ದು ಯಕ್ಕಾ,” ಎಂದ. “ನನಗ ತಿಳೀವಲ್ದು. ಖರೇ ಹೇಳ್ತೀನಿ, ನನಗ ಟ್ಯಾಂಕಿಂದು ಏನೂ ಗೊತ್ತಿಲ್ಲ. ನಾ ನಳಾ ಬಿಗಿಯಾಂವ.”

“ಅದು ಗೊತ್ತಿದ್ದದ್ದ ಬಿಡು,” ಎಂದಳು ರುದ್ರವ್ವ. “ಸೋರಲಾರದ್ದನ್ನ ಯಾಕ ಹುಡುಕ್ತಿ? ಕುಡಿಯಾಂವಗ ಹಾಕು.”

ತಂಬಿಗೆಯ ನೀರನ್ನು ಆಕೆ ಮುಚ್ಚಳದ ಬಾಯಿಗೆ ಸುರಿದಳು. ಚೆಲ್ಲದಂತೆ, ನಿಧಾನವಾಗಿ, ಮಲಗಿದ ರೋಗಿಗೆ ಕುಡಿಸುವ ಹಾಗೆ. ಫಕೀರಪ್ಪ ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು ಜೇಬಿಗೆ ಹಾಕಿದ. ತಾನೂ ಬಕೆಟ್ ತಂದ.

ನಾಲ್ಕನೆಯ ದಿನ ವಾಡೆಯವರಿಗೆ ವಿಷಯ ತಿಳಿಯಿತು. ಯಾರೂ ಏನನ್ನೂ ಕೇಳಲು ಬರಲಿಲ್ಲ, ಕಾಯಿ ತರಲಿಲ್ಲ. ನಳದ ಸರದಿಯಲ್ಲಿ ನಿಂತ ಹೆಂಗಸರು ಮೊದಲ ತಂಬಿಗೆಯನ್ನು ಟ್ಯಾಂಕಿಗೆ ಹಾಕಿ, ಆಮೇಲೆ ತಮ್ಮ ಕೊಡ ತುಂಬಿಕೊಂಡು ಹೋದರು. ನೀರು ದಂಡವಾಗುತ್ತಿದೆ ಎಂದು ಮೇಲಿನಿಂದ ಗೊಣಗುತ್ತಿದ್ದ ಮೋಹನದಾಸ್ ಶೇಠರನ್ನು ಅವರ ತಾಯಿಯೇ ಒಳಗೆ ಕರೆದು ಬೈದರಂತೆ. ಸ್ವಲ್ಪ ಹೊತ್ತಿನಲ್ಲಿ ಶೇಠರ ಮನೆಯ ಬೆಳ್ಳಿಯ ಲೋಟವೂ ಕೆಳಗಿಳಿದು ಬಂತು.

ಐದನೆಯ ದಿನ ನೀರು ಇಳಿಯಲಿಲ್ಲ.

ಫಕೀರಪ್ಪ ಮಧ್ಯಾಹ್ನ ನೋಡಿದ, ಮೂರಕ್ಕೆ ನೋಡಿದ, ದೀಪ ಹಚ್ಚುವ ಮುಂದೆ ನೋಡಿದ. ನೀರು ಬಾಯಿಮಟ್ಟಕ್ಕೆ ಕನ್ನಡಿಯಂತೆ ನಿಂತಿತ್ತು. ಆರನೆಯ ದಿನವೂ ಹಾಗೆಯೇ. ಮುಚ್ಚಳದ ಚಿಲಕ ಬೀಳಲಿಲ್ಲ. ಎರಡು ಗುಬ್ಬಿಗಳು ಬಂದು ತೋಪಿನ ಮೇಲೆ ಕೂತವು. ಒಬ್ಬ ನೀರಿನ ಮಿಸ್ತ್ರಿಗೆ ಇದಕ್ಕಿಂತ ಸಂತೋಷದ ನೋಟ ಇರಲಾರದು. ಫಕೀರಪ್ಪನಿಗೆ ಅದನ್ನು ಹೋಗಿ ರುದ್ರವ್ವನಿಗೆ ಹೇಳುವ ಧೈರ್ಯವಾಗಲಿಲ್ಲ. ಕುಡಿಯುವುದನ್ನು ನಿಲ್ಲಿಸಿದವನು ದಾಹ ತೀರಿ ನಿಲ್ಲಿಸಿದನೋ, ಬೇರೆ ಕಾರಣಕ್ಕೆ ನಿಲ್ಲಿಸಿದನೋ ಯಾರು ಬಲ್ಲರು? ಕೊನೆಗೆ ಭೀಮವ್ವ ಹೋಗಿ ಹೇಳಿದಳು. ರುದ್ರವ್ವ ಅಂದು ರೊಟ್ಟಿ ಬಡಿಯಲಿಲ್ಲ. ಭೀಮವ್ವ ಆಕೆಯ ಕೋಣೆಯಲ್ಲೇ ಉಳಿದುಕೊಂಡಳು.

ಗಾಡಿ ಬಂತು. ತಳದಲ್ಲಿ ಬಾಯಿ ಇಲ್ಲದ್ದರಿಂದ ನೀರನ್ನು ಚೊಂಬಿನಿಂದ ಮೊಗೆದೇ ತೆಗೆಯಬೇಕಾಯಿತು. ಆರು ಜನ ಟ್ಯಾಂಕನ್ನು ಹೊತ್ತು ಗಾಡಿಗೇರಿಸಿದರು. ಇಳಿಸುವಾಗಿನದಕ್ಕಿಂತ ಹಗುರವಾಗಿದೆ ಎಂದು ಅವರಲ್ಲೊಬ್ಬ ಅಂದ. ಅದಕ್ಕೆ ಏಳುನೂರು ಬೋಲ್ಟು, ಗಾಲಿ, ಮುಚ್ಚಳ ಎಲ್ಲ ಸೇರಿವೆ, ಭಾರವಾಗಿರಬೇಕಲ್ಲ ಎಂದು ಫಕೀರಪ್ಪ ಹೇಳಹೊರಟು, ಬದಲಿಗೆ ಗಾಡಿಯ ಹಗ್ಗ ಬಿಗಿದ.

ಹದಿನೆಂಟು ದಿನ ಕಳೆದ ಮೇಲೆ ಕಾಗದ ಬಂತು. ಆಸಾಮಿನ ಯಾವುದೋ ಆಸ್ಪತ್ರೆಯಿಂದ, ಬೇರೆಯವರ ಕೈಬರಹದ ಹಿಂದಿಯಲ್ಲಿ. ರುದ್ರವ್ವ ಅದನ್ನು ಒಡೆಯದೆ ಸೆರಗಿನಲ್ಲಿ ಕಟ್ಟಿಕೊಂಡು, ಫಕೀರಪ್ಪನೊಡನೆ ವಾನವಡಿಯವರೆಗೆ ನಡೆದುಕೊಂಡೇ ಹೋದಳು. ಬಿಂದುಮಾಧವರಾಯರು ಓದಿ ಹೇಳಿದರು. ಸಿದ್ರಾಮಪ್ಪ ಬದುಕಿದ್ದ. ಕಾಲು ಮುರಿದಿತ್ತು, ಕೂಡುತ್ತದೆ. ಗುಡ್ಡದ ಅಂಚಿನಲ್ಲಿ ಕೆಟ್ಟು ನಿಂತ ಟ್ಯಾಂಕಿನೊಳಗೆ ಇಳಿದು ಅವನೊಬ್ಬನೇ ರಿಪೇರಿ ಮಾಡುತ್ತಿದ್ದಾಗ ಅದು ಜಾರಿ ಕಂದರಕ್ಕೆ ಉರುಳಿತ್ತು. ಮುಚ್ಚಳ ಸಿಕ್ಕಿಕೊಂಡಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾಲ್ಕು ದಿನ. ಐದನೆಯ ದಿನ ಯಾರೋ ಕಂಡು, ಕಬ್ಬಿಣ ಕತ್ತರಿಸಿ ಹೊರಗೆ ತೆಗೆದರು. ರುದ್ರವ್ವ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ತಾರೀಖು ಏನೆಂದು ರಾಯರು ಹೇಳಹೊರಟಾಗ, ಬೇಡವೆಂದು ಫಕೀರಪ್ಪನೇ ತಡೆದ.

ದಸರೆಗೆ ಮುಂಚೆ ಸಿದ್ರಾಮಪ್ಪ ಕೋಲೂರಿಕೊಂಡು ಮನೆಗೆ ಬಂದ. ಎಂಟು ದಿನ ವಾಡೆಯವರೆಲ್ಲ ಅವನನ್ನು ನೋಡಿ ಹೋದರು. ಯಾರೂ ಆ ನಾಲ್ಕು ದಿನದ ಮಾತು ಕೇಳಲಿಲ್ಲ. ತಾಯಿಯೂ ಕೇಳಲಿಲ್ಲ, ಮುಂದೆ ಕೂರಿಸಿಕೊಂಡು ಉಣಬಡಿಸಿದಳು. ಒಂಬತ್ತನೆಯ ದಿನ ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದಾಗ ಫಕೀರಪ್ಪ ನಳ ರಿಪೇರಿಯ ನೆವ ಮಾಡಿ ಅಲ್ಲಿಗೆ ಹೋದ. ಬಿಗಿಯಾಗಿಯೇ ಇದ್ದ ನಳವನ್ನು ಬಿಚ್ಚಿ ಮತ್ತೆ ಬಿಗಿಯುತ್ತ, ಆ ನಾಲ್ಕು ದಿನ ಬಾಯಾರಿಕೆಗೆ ಏನು ಮಾಡಿದೆಯಪ್ಪಾ ಎಂದು ಕೇಳಿದ.

ಡಬ್ಬಿಯ ನೀರು ಮೊದಲನೆಯ ದಿನವೇ ಚೆಲ್ಲಿಹೋಗಿತ್ತು ಎಂದು ಸಿದ್ರಾಮಪ್ಪ ಹೇಳಿದ. ಆಮೇಲೆ ಕತ್ತಲೆಯಲ್ಲಿ ಕೈಯಾಡಿಸಿದಾಗ ಮೂಲೆಯಲ್ಲಿ ನೀರು ಸಿಕ್ಕಿತು. ತಣ್ಣಗಿತ್ತು. ಬೊಗಸೆಯಿಂದ ಕುಡಿದಷ್ಟೂ ಇತ್ತು. ಎಲ್ಲಿಂದ ಬಂತೋ ತಿಳಿಯದು, ಮಳೆ ಆಗಿರಲಿಲ್ಲ. ಡಾಕ್ಟರ ಮುಂದೆ ಹೇಳಿದ್ದಕ್ಕೆ, ಜ್ವರದ ಭ್ರಮೆ ಎಂದು ಬರೆದುಕೊಂಡರು.

“ಜ್ವರದಾಗ ಹಂಗ ಆಗ್ತದಪ್ಪ,” ಎಂದ ಫಕೀರಪ್ಪ, ನಳದ ಕಡೆಗೇ ನೋಡುತ್ತ.

“ಇರಬಹುದ್ರಿ ಕಾಕಾ. ಆದ್ರ ಹುಟ್ಟಿದಾಗಿಂದ ಕುಡದ ನೀರು. ನಮ್ಮ ವಾಡೇದ ನಳದ ನೀರಿನ ರುಚಿ ನನಗ ಗೊತ್ತಾಗೂದಿಲ್ಲೇನ್ರಿ?”

ಫಕೀರಪ್ಪನ ಕೈಯಲ್ಲಿ ನಳ ಬಿಗಿಯುವ ಪಾನಾ ನಿಂತಿತು. ನೀರಿನ ಖಾತೆಯ ಪರವಾಗಿ ಏನಾದರೂ ಹೇಳಲೇಬೇಕೆಂದು ಅವನಿಗೆ ಅನಿಸಿತು.

“ಬ್ಯಾಸಗ್ಯಾಗ ತುಸು ಮಣ್ಣಿನ ವಾಸನಿ ಬರ್ತದ,” ಎಂದ.

“ಹೌದ್ರಿ,” ಎಂದ ಸಿದ್ರಾಮಪ್ಪ. “ಬರ್ತಿತ್ತು.”